ಸೌಂಡ್ ಬೇಕಾದಷ್ಟೈತಿ, ಮಾತೇ ಇಲ್ಲ: ದಾವಣಗೆರೆಯ ಒಂದು ನಾಟಕ, ಮೂರು ರಾತ್ರಿ

ಇದು ಹೋದ ಬೇಸಿಗೇಲಿ ದಾವಣಗೆರೇಲಿ ನಡೆದದ್ದು. ಒಂದು ಸಮುದಾಯ ಭವನ, ಮೂರು ರಾತ್ರಿ ಒಂದೇ ನಾಟಕ, ಮೈಕ್ ಸೆಟ್ ನಂದು. ಹವ್ಯಾಸಿ ತಂಡ ಆದ್ರೂ ಅದ್ರಲ್ಲಿ ಇಬ್ರು ಮೂವರು ಹಳೇ ಕಂಪನಿ ನಾಟಕದೋರಿದ್ರು, ಪೆಂಡಾಲಿನ ಕೊನೇ ಸಾಲಿಗೂ ಮಾತು ಮುಟ್ಟಿಸಿ ಗಟ್ಟಿಯಾದ ಗಂಟಲು ಅವರದ್ದು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಊರು ಇದು, ಇಲ್ಲಿ ಜನ ನಾಟಕಕ್ಕೆ ಬರೋದೇ ಮಾತು ಕೇಳೋಕೆ, ಒಂದು ಡೈಲಾಗ್ ತಪ್ಪಿದ್ರೆ ಪಕ್ಕದೋರನ್ನ "ಏನಂದ್ಲು?" ಅಂತ ಕೇಳಿ ತಿಳ್ಕೊಂಡೇ ಮುಂದಕ್ಕೆ ಹೋಗೋದು. ಅಂಥ ಜನಕ್ಕೆ ಮೊದಲ್ನೇ ರಾತ್ರಿ ಮಾತು ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ, ಆಮೇಲೆ ಎರಡು ದಿನ ಏನೇನು ಮಾಡಿದ್ವಿ, ಯಾವ್ದು ಸರಿಹೋಯ್ತು ಯಾವ್ದು ಹೋಗ್ಲಿಲ್ಲ ಅನ್ನೋದನ್ನ ಪೂರ್ತಿ ಬರೀತಿದೀನಿ, ಯಾಕಂದ್ರೆ ನಮ್ಮ ಕಡೆ ಭವನ, ಮಂಟಪ ಎಲ್ಲಾ ಹೆಚ್ಚುಕಮ್ಮಿ ಒಂದೇ ಅಚ್ಚಿನವು, ಇವತ್ತು ನನಗಾದದ್ದು ನಾಳೆ ಹರಿಹರದಲ್ಲೋ ಹೊಳಲ್ಕೆರೇಲೋ ಇನ್ನೊಬ್ಬ ಮೈಕಿನವನಿಗೆ ಆಗೇ ಆಗ್ತದೆ.

ನಾಟಕದ ಕತೆ ಸಣ್ಣದು. ಕಾಟನ್ ಮಿಲ್ಲಿನಲ್ಲಿ ದುಡೀತಿದ್ದ ಒಬ್ಬ ಕಾರ್ಮಿಕ, ಮಿಲ್ ಮುಚ್ಚಿದ ಮೇಲೆ ಮನೇಲೇ ಒಂದು ಮಗ್ಗ ಹಾಕ್ಕೊಂಡು ಬದುಕ್ತಾನೆ, ಅವನು ತೀರಿಕೊಂಡ ಮೇಲೆ ಮಗ ಆ ಮಗ್ಗ ಮಾರಿ ಬೆಂಗಳೂರಿಗೆ ಹೋಗ್ಬೇಕು ಅಂತಾನೆ. ಕೊನೇ ದೃಶ್ಯದಲ್ಲಿ ತಾಯಿ ಎದ್ದು ನಿಂತು "ಮಗ್ಗ ಮಾರಲ್ಲ" ಅಂತಾಳೆ. ಇಡೀ ನಾಟಕ ಆ ಎರಡು ಪದದ ಮೇಲೆ ನಿಂತಿದೆ. ಮೊದಲ್ನೇ ರಾತ್ರಿ ಹಿಂದಿನ ಅರ್ಧ ಹಾಲಿಗೆ ಅದು "ಮಗ ಮಾರಲ್ಲ" ಅಂತ ಕೇಳಿಸ್ತು. ಮಾರ್ಬೇಕು ಅಂತ ಕೂತಿರೋನೇ ಮಗ, ಅವನು ಮಾರಲ್ಲ ಅಂದ್ರೆ ಕತೆ ಪೂರಾ ಉಲ್ಟಾ ಆಯ್ತಲ್ಲ! ಹಿಂದಿನ ಸಾಲಿನವರು ಮಗ ಒಪ್ಕೊಂಡ ಅನ್ಕೊಂಡು ಚಪ್ಪಾಳೆ ತಟ್ಟಿದ್ರು, ಮುಂದಿನ ಸಾಲಿನವರು ಯಾಕಿದು ಅಂತ ತಿರುಗಿ ನೋಡಿದ್ರು. ತಾಯಿ ಪಾತ್ರದ ಅಮ್ಮ ಗ್ರೀನ್ ರೂಮಿಗೆ ಬಂದು ಬಣ್ಣ ಒರೆಸ್ಕೊಳ್ಳದೆ ಸುಮ್ನೆ ಕೂತುಬಿಟ್ರು.

ಆವತ್ತಿನ ಸೆಟಪ್ ಹೇಳ್ತೀನಿ. ಸ್ಟೇಜಿನ ಎರಡೂ ಮಗ್ಗುಲಿಗೆ ದೊಡ್ಡ ಬಾಕ್ಸು, ಹಾಲಿನ ತೀರಾ ಹಿಂದೆ ಗೋಡೆಗೆ ಎರಡು ಬಾಕ್ಸು, ಎಲ್ಲಕ್ಕೂ ಒಂದೇ ಸಿಗ್ನಲ್ಲು. ಐದು ಕಾಲರ್ ಮೈಕು, ಸ್ಟೇಜಿನ ಅಂಚಿಗೆ ಮೂರು ಮೈಕು, ಎಂಟೂ ಯಾವಾಗ್ಲೂ ಆನ್. ಮದುವೆಗೂ ಹಿಂಗೇ ಹಾಕ್ತೀವಿ, ಭಾಷಣಕ್ಕೂ ಹಿಂಗೇ. ನಾಟಕ ಶುರುವಾಗಿ ಹತ್ತು ನಿಮಿಷಕ್ಕೆ ಹಿಂದಿಂದ "ಸೌಂಡ್ ಕೊಡ್ರಪ್ಪೋ" ಅಂತ ಕೂಗು, ಏರಿಸ್ದೆ, ಇನ್ನೂ ಕೂಗು, ಇನ್ನೂ ಏರಿಸ್ದೆ, ಮೈಕ್ ಕುಂಯ್ ಅಂತು, ಇಳಿಸ್ದೆ, ಹಿಂಗೇ ಇಂಟರ್ವಲ್ ತನಕ. ಇಂಟರ್ವಲ್ಲಿನಲ್ಲಿ ಒಬ್ರು ಅಜ್ಜ ಹಿಂದಿಂದ ನಿಧಾನಕ್ಕೆ ನಡ್ಕೊಂಡು ನನ್ನ ಮಿಕ್ಸರ್ ಹತ್ರ ಬಂದ್ರು. ಮಿಲ್ಲಿನಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತಿದ್ದೋರಂತೆ. "ತಮ್ಮಾ, ಸೌಂಡ್ ಬೇಕಾದಷ್ಟೈತಿ, ಮಾತೇ ಇಲ್ಲ" ಅಂದ್ರು. ಅಷ್ಟೇ ಹೇಳಿ ವಾಪಸ್ ಹೋಗಿ ಕೂತ್ರು. ರಾತ್ರಿ ಪೂರಾ ಅದೇ ಮಾತು ತಲೇಲಿ.

ಮಾರನೇ ಬೆಳಿಗ್ಗೆ ಎಂಟಕ್ಕೆಲ್ಲ ನಾನು, ನನ್ನ ಜೊತೆ ಕೆಲಸ ಮಾಡೋ ಹುಡುಗ ಇಬ್ರೂ ಖಾಲಿ ಭವನಕ್ಕೆ ಹೋದ್ವಿ. 30 ಮೀಟರ್ ಉದ್ದ, 15 ಅಗಲ, 7 ಎತ್ತರ, ನೆಲಕ್ಕೆ ಗ್ರಾನೈಟು, ಗೋಡೆ ನುಣ್ಣಗೆ ಪ್ಲಾಸ್ಟರ್ ಮಾಡಿ ಪೇಂಟ್ ಹೊಡೆದದ್ದು, ಮೇಲೆ ಆರ್‌ಸಿಸಿ. ಒಂದು ದೊಡ್ಡ ಬಲೂನ್ ಊದಿ ಸ್ಟೇಜ್ ಮೇಲೆ ಒಡೆದು, ಹಿಂದೆ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡ್ಕೊಂಡ್ವಿ. ಒಂದು ಸದ್ದು 60 ಡೆಸಿಬೆಲ್ (ಸದ್ದಿನ ಜೋರು ಅಳೆಯೋ ಲೆಕ್ಕ) ಇಳಿಯೋಕೆ ಹಿಡಿಯೋ ಹೊತ್ತನ್ನ ಆ ಜಾಗದ ರಿವರ್ಬ್ ಟೈಮ್ ಅಂತಾರೆ, ಇಲ್ಲಿ ಅದು 3.6 ಸೆಕೆಂಡ್ ಬಂತು. ಈ ಅಳತೆಯ ಲೆಕ್ಕ ಹಾಕಿಕೊಟ್ಟೋರು ವ್ಯಾಲೇಸ್ ಸ್ಯಾಬಿನ್, 1890ರ ದಶಕದಲ್ಲಿ ಹಾರ್ವರ್ಡಿನ ಒಂದು ಲೆಕ್ಚರ್ ಹಾಲಿನಲ್ಲಿ ಮೇಷ್ಟ್ರ ಪಾಠ ಯಾರಿಗೂ ಅರ್ಥ ಆಗ್ತಿಲ್ಲ ಅಂತ ಅವರನ್ನ ಕರೆಸಿದ್ರು. ಅವರು ರಾತ್ರಿ ಹೊತ್ತು ಪಕ್ಕದ ಥಿಯೇಟರಿನ ಸೀಟಿನ ಕುಶನ್ನುಗಳನ್ನ ಹೊತ್ತು ತಂದು ಹಾಕಿ, ಎಷ್ಟು ಕುಶನ್ನಿಗೆ ಎಷ್ಟು ಸದ್ದು ಬೇಗ ಸಾಯ್ತದೆ ಅಂತ ಸ್ಟಾಪ್‌ವಾಚ್ ಹಿಡಿದು ನೋಡಿದ್ರು. ಹಾಲಿನ ಘನ ಅಳತೆಯನ್ನ 0.161ರಿಂದ ಗುಣಿಸಿ, ಸದ್ದು ಹೀರ್ಕೊಳ್ಳೋ ಒಟ್ಟು ಮೇಲ್ಮೈಯಿಂದ ಭಾಗಿಸಿದ್ರೆ ಸೆಕೆಂಡ್ ಸಿಗ್ತದೆ, ಮತ್ತೆ ಹೀರ್ಕೊಳ್ಳೋದರ ಅಳತೆಗೋಲು ಅವರಿಗೆ ತೆರೆದ ಕಿಟಕಿ. ತೆರೆದ ಕಿಟಕಿಗೆ ಹೋದ ಸದ್ದು ವಾಪಸ್ ಬರಲ್ಲ ನೋಡಿ. ಆ ಲೆಕ್ಕದಲ್ಲಿ ನಮ್ಮ ಇಡೀ ಭವನ ಹೀರ್ತಿದ್ದದ್ದು ಸುಮಾರು 140 ಚದರ ಮೀಟರ್ ಕಿಟಕಿಯಷ್ಟು. ಜನ ಕೂತ್ರೆ ಪರವಾಗಿಲ್ಲ, ಒಬ್ಬೊಬ್ಬರೂ ಅರ್ಧ ಚದರ ಮೀಟರಿಗೆ ಹತ್ರ ಹತ್ರ ಹೀರ್ತಾರೆ, ಆದ್ರೂ ಮಾತಿಗೆ ಇಷ್ಟು ದೊಡ್ಡ ಹಾಲಿನಲ್ಲಿ ಒಂದು ಸೆಕೆಂಡ್ ಆಸುಪಾಸು ಇದ್ರೇನೇ ಚೆಂದ.

ಇಲ್ಲೀತನಕ ಯಾವ ಪುಸ್ತಕದಲ್ಲಾದ್ರೂ ಸಿಗೋದು. ಆದ್ರೆ "ಮಗ್ಗ" ಯಾಕೆ "ಮಗ" ಆಯ್ತು ಅನ್ನೋದು ನನಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ, ಆ ಬೆಳಿಗ್ಗೆ ಲ್ಯಾಪ್‌ಟಾಪ್ ಪರದೆ ಮೇಲೆ ಕಂಡದ್ದು. ಹುಡುಗನ ಬಾಯಿಗೆ ಹತ್ರ ಮೈಕ್ ಇಟ್ಟು "ಕತೆ", "ಕತ್ತೆ" ಎರಡನ್ನೂ ಹೇಳಿಸಿ ಅಲೆಯ ಚಿತ್ರ ದೊಡ್ಡದು ಮಾಡಿ ನೋಡಿದೆ. "ಕ" ಆದ ಮೇಲೆ ಗೆರೆ ಸಪಾಟಾಗಿ ಬೀಳ್ತದೆ, ನಾಲಿಗೆ ಹಲ್ಲಿಗೆ ಅಂಟಿಕೊಂಡು ಗಾಳಿ ನಿಂತ ಹೊತ್ತು ಅದು, ಆಮೇಲೆ ಸಣ್ಣದೊಂದು ಸಿಡಿತ, ಆಮೇಲೆ "ಎ". ಕತೆಗೆ ಆ ಸಪಾಟು ಜಾಗ 80 ಮಿಲಿಸೆಕೆಂಡ್, ಕತ್ತೆಗೆ 190. ಮಿಕ್ಕದ್ದೆಲ್ಲ ಹೆಚ್ಚುಕಮ್ಮಿ ಒಂದೇ! ಅಂದ್ರೆ ನಾವು ಬರೆಯುವಾಗ ಅಕ್ಷರದ ಕೆಳಗೆ ಹಾಕೋ ಒತ್ತು, ಮಾತಾಡುವಾಗ ಒಂದು ಮೌನ. ಸದ್ದಿಲ್ಲದ ಹೊತ್ತು ಎಷ್ಟುದ್ದ ಅನ್ನೋದರ ಮೇಲೆ ಕನ್ನಡ ಕಿವಿ ಕತೆಯೋ ಕತ್ತೆಯೋ ತೀರ್ಮಾನ ಮಾಡ್ತದೆ. ಮಗ್ಗದ "ಗ್ಗ"ದಲ್ಲಿ ಪೂರ್ತಿ ಮೌನ ಅಲ್ಲ, ಗಂಟಲಿನ ಮಂದ ಗುನುಗು ಒಂಚೂರು ಉಳೀತದೆ, ಬೆಣ್ಣೆಯ "ಣ್ಣ"ದಲ್ಲಿ ಮೂಗಿನ ಸ್ವರ ಎಳೀತದೆ, ಆದ್ರೆ ಮುಂಚಿನ ಸ್ವರಕ್ಕಿಂತ ಎಲ್ಲಾ ಮೆತ್ತಗಿರೋವೇ, ಮುಚ್ಚಿಹೋಗೋಕೆ ಹೊತ್ತು ಬೇಡ.

ಈಗ ಇದನ್ನ 3.6 ಸೆಕೆಂಡಿನ ಹಾಲಿಗೆ ಹಾಕಿ ನೋಡಿ. ಸೆಕೆಂಡಿಗೆ ಹದಿನೇಳು ಡೆಸಿಬೆಲ್ ಲೆಕ್ಕದಲ್ಲಿ ಸದ್ದು ಇಳೀತದೆ, 190 ಮಿಲಿಸೆಕೆಂಡಿನಲ್ಲಿ ಇಳಿಯೋದು ಬರೀ 3 ಡೆಸಿಬೆಲ್. ನಟಿ ಬಾಯಿ ಮುಚ್ಚಿ ಬಿಟ್ಟ ಮೌನದ ಒಳಗೆ ಮುಂಚಿನ "ಮ"ದ ಸದ್ದು ಇನ್ನೂ ತುಂಬ್ಕೊಂಡು ಕೂತಿರ್ತದೆ, ಗುಂಡಿ ತೋಡಿದಂಗೆ ನೀರು ತುಂಬಿದ ಹಂಗೆ. ಒತ್ತು ಬಿದ್ದಿದ್ದು ಗೊತ್ತಾಗೋದಾದ್ರೂ ಹೆಂಗೆ?

ಇದು ನನ್ನ ಊಹೆಯೋ ನಿಜವೋ ಅಂತ ಖಾತ್ರಿ ಮಾಡ್ಕೊಬೇಕಿತ್ತು. ಇಂಗ್ಲಿಷಿನ ರೆಡಿ ಪದಪಟ್ಟಿಗಳಿದಾವೆ, ನಮಗೆ ಅದು ಉಪಯೋಗಕ್ಕೆ ಬರಲ್ಲ, ಅದ್ರಲ್ಲಿ ನಮ್ಮ ಒತ್ತಿನ ಆಟ ಇಲ್ಲ. ಅಲ್ಲೇ ಕೂತು ಇಪ್ಪತ್ತು ಜೋಡಿ ಬರೆದ್ವಿ: ಮಗ ಮಗ್ಗ, ಕತೆ ಕತ್ತೆ, ಬೆಣೆ ಬೆಣ್ಣೆ, ಎಲೆ ಎಲ್ಲೆ, ಬಲೆ ಬಲ್ಲೆ, ಮೊನೆ ಮೊನ್ನೆ, ಕಡಿ ಕಡ್ಡಿ, ಜೊತೆಗೆ ಹುಲಿ ಹುಳಿ, ಕಲೆ ಕಳೆ ಥರದವೂ. ನಲವತ್ತು ಪದ ಚೀಟಿ ಎತ್ತಿದ ಹಾಗೆ ಕಲಸಿ, ಹುಡುಗ ಸ್ಟೇಜಿಂದ ಮೈಕಲ್ಲಿ ಓದಿದ, ಭವನದ ವಾಚ್‌ಮನ್ ಮಗಳು ಹೈಸ್ಕೂಲ್ ಹುಡುಗಿ ಕೊನೇ ಸಾಲಲ್ಲಿ ಕೂತು ಕೇಳಿದ್ದನ್ನ ಕೇಳಿದ ಹಂಗೆ ಬರೆದ್ಲು. ಜೋಡೀಲಿ ಒಂದು ಅಂತ ಕಣ್ಣು ಮುಚ್ಚಿ ಬರೆದ್ರೂ ಸುಮಾರು ಇಪ್ಪತ್ತು ಸರಿ ಆಗ್ಬೇಕು, ಇವಳದ್ದು ಇಪ್ಪತ್ಮೂರು. ತಪ್ಪಿದ್ದರಲ್ಲಿ ಮುಕ್ಕಾಲು ಪಾಲು ಒತ್ತಕ್ಷರದವು, ಒತ್ತು ಇದ್ದದ್ದು ಇಲ್ಲ ಅಂತ ಕೇಳಿದ್ದು. ವಾಲ್ಯೂಮ್ ದುಪ್ಪಟ್ಟು ಮಾಡಿ ಮತ್ತೆ ಓದಿಸ್ದೆ, ಇಪ್ಪತ್ತೆರಡು ಬಂತು. ಅಜ್ಜ ಹೇಳಿದ ಮಾತು ಕಾಗದದ ಮೇಲೆ ಕಂಡಂಗಾಯ್ತು.

ವಾಲ್ಯೂಮ್ ಏರಿಸಿದ್ರೆ ಯಾಕೆ ಸರಿ ಹೋಗಲ್ಲ ಅಂದ್ರೆ, ನೇರವಾಗಿ ಬರೋ ಮಾತೂ ಏರ್ತದೆ, ಗೋಡೆಗೆ ಬಡಿದು ಬರೋ ಗೊಜಗೊಜವೂ ಅಷ್ಟೇ ಏರ್ತದೆ, ಎರಡರ ಮಧ್ಯದ ಅಂತರ ಅಷ್ಟೇ ಇರ್ತದೆ. ಇಂಥ ಹಾಲಿನಲ್ಲಿ ಬಾಕ್ಸಿಂದ ಐದಾರು ಮೀಟರ್ ದಾಟಿದ್ರೆ ನೇರ ಸದ್ದಿಗಿಂತ ಗೋಡೆಯ ಸದ್ದೇ ಜಾಸ್ತಿ, ಹಿಂದೆ ಕೂತೋರು 25 ಮೀಟರ್ ದೂರ ಇದ್ರು. ಅದರ ಮೇಲೆ ನಾನು ಮಾಡಿದ ಇನ್ನೊಂದು ತಪ್ಪು, ಹಿಂದಿನ ಗೋಡೆಯ ಬಾಕ್ಸು. ಕರೆಂಟು ವೈರಲ್ಲಿ ತಕ್ಷಣ ಹೋಗ್ತದೆ, ಗಾಳೀಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಅಷ್ಟೇ ಹೋಗೋದು. ಹಿಂದಿನ ಬಾಕ್ಸಿನ ಮಾತು ಮೊದಲು ಕಿವಿಗೆ ಬಿತ್ತು, ಸ್ಟೇಜ್ ಬಾಕ್ಸಿನ ಅದೇ ಮಾತು 74 ಮಿಲಿಸೆಕೆಂಡ್ ತಡವಾಗಿ ಬಂದು ಸೀದಾ ಒತ್ತಕ್ಷರದ ಮೌನದ ಮೇಲೆ ಕೂತಿತು. ಒಳ್ಳೇದಾಗ್ಲಿ ಅಂತ ಹಾಕಿದ ಬಾಕ್ಸೇ "ಮಗ್ಗ"ವನ್ನ "ಮಗ" ಮಾಡಿದ್ದು.

ಮೊದಲು ಹಾಲಿನ ಬಾಯಿ ಮುಚ್ಚಿಸಬೇಕು, ಮಿಕ್ಸರ್ ಕೆಲಸ ಆಮೇಲೆ. ಯಾವ ಪ್ರೊಸೆಸಿಂಗೂ ಬಾಕ್ಸಿಂದ ಹೊರಗೆ ಬಿದ್ದ ಸದ್ದನ್ನ ಗೋಡೆಯಿಂದ ವಾಪಸ್ ಕರ್ಕೊಂಡು ಬರಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ತಂಡದ ಯಜಮಾನ್ರಿಗೆ ಹೇಳ್ದೆ, ಅವರ ಬೀಗರು ಚಳ್ಳಕೆರೆ ಕಡೆಯೋರು, ಕಂಬಳಿ ವ್ಯಾಪಾರ. ಮಧ್ಯಾಹ್ನ ಮೂರು ಗಂಟೆಗೆ ಲಗೇಜ್ ಆಟೋದಲ್ಲಿ ನಲವತ್ತು ಕರೀ ಕಂಬಳಿ ಬಂದ್ವು, ಉಣ್ಣೆ ವಾಸನೆ ಹಾಲ್ ತುಂಬ. ಹಿಂದಿನ ಗೋಡೆಗೆ, ಪಕ್ಕದ ಗೋಡೆಗಳ ಹಿಂದಿನ ಅರ್ಧಕ್ಕೆ ಹಗ್ಗ ಕಟ್ಟಿ ಇಳಿಬಿಟ್ವಿ, ಗೋಡೆಗೆ ಅಂಟಿಸ್ದೆ ಒಂದು ಗೇಣು ಬಿಟ್ಟು. ಆ ಗೇಣು ಮುಖ್ಯ. ಗೋಡೆಗೆ ತಾಗಿದ ಬಟ್ಟೆ ಬರೀ ಚಿರಚಿರ ಮೇಲ್ಸದ್ದು ಮಾತ್ರ ಹೀರ್ತದೆ, ಹಿಂದೆ ಗಾಳಿ ಇದ್ರೆ ಸ್ವಲ್ಪ ಕೆಳಗಿನ ಸದ್ದಿಗೂ ಕೈ ಹಾಕ್ತದೆ. ಮತ್ತೆ ಬಲೂನ್ ಒಡೆದ್ವಿ, 2.9. ಜನ ಬಂದ ಮೇಲೆ ಇನ್ನೂ ಇಳೀತದೆ ಅನ್ನೋ ಧೈರ್ಯ ಬಂತು.

ಆಮೇಲೆ ಬಾಕ್ಸು. ಸ್ಟೇಜಿನವನ್ನ ಎತ್ತರಿಸಿ ಮೂತಿ ಕೆಳಗೆ ಮಾಡಿ ಜನರ ಕಡೆ ತಿರುಗಿಸಿದ್ವಿ, ಸೂರಿಗೂ ಗೋಡೆಗೂ ಸದ್ದು ಹೋಗೋದು ದಂಡ. 14 ಮೀಟರ್ ಹತ್ರ ಎರಡೂ ಪಕ್ಕಕ್ಕೆ ಸಣ್ಣ ಬಾಕ್ಸು ನಿಲ್ಲಿಸಿ ಅವಕ್ಕೆ ಡಿಲೇ ಕೊಟ್ಟೆ, ಅಂದ್ರೆ ಅವಕ್ಕೆ ಹೋಗೋ ಸದ್ದನ್ನ ಬೇಕಂತಲೇ ತಡ ಮಾಡಿದೆ. 14 ಮೀಟರಿಗೆ 40 ಮಿಲಿಸೆಕೆಂಡ್ ಆಗ್ತದೆ, ನಾನು ಇಟ್ಟದ್ದು 52. ಆ ಹನ್ನೆರಡು ಯಾಕೆ ಜಾಸ್ತಿ ಅಂದ್ರೆ, ಒಂದೇ ಸದ್ದು ಎರಡು ಕಡೆಯಿಂದ ಸ್ವಲ್ಪ ಹಿಂದೆ ಮುಂದೆ ಬಂದ್ರೆ ಕಿವಿ ಮೊದಲು ಬಂದ ದಿಕ್ಕನ್ನೇ ನಂಬ್ತದೆ, ಎರಡನೇದು ಜೋರಿದ್ರೂ ಸೈತ. ಹೆಲ್ಮುಟ್ ಹಾಸ್ ಅನ್ನೋರು 1949ರಲ್ಲಿ ಜರ್ಮನೀಲಿ ಇದನ್ನ ಅಳೆದು ತೋರಿಸಿದ್ರು, 5ರಿಂದ 30 ಮಿಲಿಸೆಕೆಂಡ್ ತಡ ಇದ್ರೆ ಎರಡನೇದು 10 ಡೆಸಿಬೆಲ್ ಹತ್ರ ಜಾಸ್ತಿ ಇದ್ರೂ ಮನಸ್ಸು ಮೊದಲ್ನೇದರ ಕಡೇಗೇ ತಿರುಗಿರ್ತದೆ ಅಂತ. ಹಂಗಾಗಿ ಹಿಂದೆ ಕೂತೋರಿಗೆ ಮಾತಿನ ಸ್ಪಷ್ಟತೆ ಪಕ್ಕದ ಬಾಕ್ಸಿಂದ, ಆದ್ರೆ ಮಾತು ಬಂದಂಗೆ ಅನ್ಸೋದು ಸ್ಟೇಜ್ ಮೇಲಿನ ತಾಯಿ ಬಾಯಿಂದಾನೇ. ನಾಟಕಕ್ಕೆ ಇದು ಪ್ರಾಣ ಇದ್ದಂಗೆ, ಮುಖ ಒಂದು ಕಡೆ ಧ್ವನಿ ಇನ್ನೊಂದು ಕಡೆ ಆದ್ರೆ ಜನ ಪಾತ್ರಾನ ನಂಬಲ್ಲ.

ಮೈಕಿಗೆ ಬಂದ್ರೆ, ಕಾಲರ್ ಮೈಕ್ ಎದೆ ಮೇಲೆ ಇದ್ರೆ ಎದೆಯ ಗುಂಯ್‌ಗುಡೋದು ಜಾಸ್ತಿ, ಗದ್ದ ಅಡ್ಡ ಬಂದು ಸ, ಶ, ತ, ಟ ಎಲ್ಲಾ ಸವೆದುಹೋಗ್ತವೆ. ತಾಯಿ ಪಾತ್ರಕ್ಕೆ ತಲೆ ಮೇಲೆ ಸೆರಗು ಇತ್ತು, ಹಣೆ ಮೇಲೆ ಕೂದಲು ಶುರುವಾಗೋ ಅಂಚಿಗೆ ಮೈಕ್ ಇಟ್ಟು ಟೇಪ್ ಹಾಕಿ ಸೆರಗಿನ ಒಳಗಿಂದ ವೈರ್ ಇಳಿಸಿದ್ವಿ, ಆ ಅಮ್ಮ ಕನ್ನಡಿ ನೋಡಿ "ಕುಂಕುಮ ಮುಚ್ಚಲ್ಲ ತಾನೆ?" ಅಂತ ಒಂದೇ ಕೇಳಿದ್ರು. ಎಂಟು ಮೈಕ್ ಒಟ್ಟಿಗೆ ಆನ್ ಇರೋದು ಇನ್ನೊಂದು ಖಾಯಿಲೆ, ಆನ್ ಇರೋ ಮೈಕು ದುಪ್ಪಟ್ಟಾದ ಹಾಗೆಲ್ಲ ಕುಂಯ್ ಅನ್ನೋಕೆ ಮುಂಚೆ ಸಿಗೋ ಜಾಗದಲ್ಲಿ 3 ಡೆಸಿಬೆಲ್ ಹೋಗ್ತದೆ, ಎಂಟಕ್ಕೆ 9. ಅಮೆರಿಕದ ಡ್ಯಾನ್ ಡುಗನ್ ಅನ್ನೋ ನಾಟಕದ ಸೌಂಡಿನೋರು 1970ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡುಹಿಡಿದ್ರು: ಯಾರು ಮಾತಾಡ್ತಾರೋ ಅವರ ಮೈಕಿಗೆ ಪಾಲು ಜಾಸ್ತಿ, ಮಿಕ್ಕವಕ್ಕೆ ತಾನಾಗೇ ಕಮ್ಮಿ, ಒಟ್ಟು ಯಾವಾಗ್ಲೂ ಒಂದು ಮೈಕಿನಷ್ಟೇ. ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ಆಟೋಮಿಕ್ಸ್ ಅಂತ ಒಂದು ಬಟನ್ ಇದು, ನನ್ನ ಹತ್ರ ವರ್ಷದಿಂದ ಇತ್ತು, ಒತ್ತಿರಲಿಲ್ಲ.

ಈಕ್ಯೂ, ಅಂದ್ರೆ ಕೆಳಗಿನ ದಪ್ಪ ಸದ್ದು, ಮೇಲಿನ ಸಣ್ಣ ಸದ್ದು ಬೇರೆ ಬೇರೆ ಏರಿಸಿ ಇಳಿಸೋದು, ಜಾಸ್ತಿ ಏನಿಲ್ಲ; ಹರ್ಟ್ಜ್ ಸಂಖ್ಯೆ ಏರಿದಷ್ಟೂ ಸದ್ದು ಸಣ್ಣ. 120 ಹರ್ಟ್ಜ್ ಕೆಳಗಿಂದ ಕಟ್, 300ರ ಹತ್ರ ಸ್ವಲ್ಪ ಇಳಿಸು, 2ರಿಂದ 4 ಕಿಲೋಹರ್ಟ್ಜ್ ಮಧ್ಯೆ 3 ಡೆಸಿಬೆಲ್ ಏರಿಸು. ಸ್ವರದ ಶಕ್ತಿ ಎಲ್ಲಾ ಕೆಳಗೆ, ವ್ಯಂಜನದ ಗುರುತು ಮೇಲೆ, ಹಾಲಿನಲ್ಲಿ ಬಹಳ ಹೊತ್ತು ಉಳಿಯೋದೂ ಕೆಳಗಿನದೇ. ಇಲ್ಲಿ ಒಂದು ವಿಷಯ ಮನಸ್ಸಿಗೆ ಬಂತು. ಮಿಲ್ಲಿನ ಸದ್ದಲ್ಲಿ ವರ್ಷಗಟ್ಲೆ ದುಡಿದ ಕಿವಿ ಮೊದಲು ಕಳ್ಕೊಳ್ಳೋದು 4 ಕಿಲೋಹರ್ಟ್ಜ್ ಸುತ್ತಮುತ್ತಲಿನದ್ದು. ನಾಟಕ ಯಾರ ಬಗ್ಗೆಯೋ ಅವರೇ ಹಿಂದಿನ ಸಾಲಲ್ಲಿ ಕೂತಿದ್ರು, ಅವರ ಕಿವಿಗೇ ಆ ನಾಟಕ ಮುಟ್ಟುತ್ತಿರಲಿಲ್ಲ. ಇದು ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗ್ತದೆ. ವಯಸ್ಸಾದೋರನ್ನ ಮುಂದಿನ ಸಾಲಿಗೆ ಕೂರಿಸ್ರಿ ಅಂತ ಯಜಮಾನ್ರಿಗೆ ಹೇಳಿ ಎರಡನೇ ರಾತ್ರಿಯಿಂದ ಹಂಗೇ ಮಾಡಿಸ್ದೆ. ಜೋರು ಸದ್ದನ್ನೂ ಮೆಲ್ಲ ಸದ್ದನ್ನೂ ಹತ್ರಕ್ಕೆ ತರೋ ಕಂಪ್ರೆಸರ್ ಮಾತ್ರ ಹುಷಾರಾಗಿ ಬಳಸ್ಬೇಕು, ಕಂಪನಿ ನಟರು ಒಂದು ಕ್ಷಣ ಪಿಸುಮಾತು ಒಂದು ಕ್ಷಣ ಅಬ್ಬರ, ಜಾಸ್ತಿ ಹಿಂಡಿದ್ರೆ ಮಾತಿನ ಮಧ್ಯದ ಮೌನದಲ್ಲಿ ಇರೋ ಗೊಜಗೊಜವನ್ನ ಅದು ಮೇಲಕ್ಕೆತ್ತಿ ಕೊಡ್ತದೆ, ಮತ್ತೆ ಒತ್ತಕ್ಷರ ಹೋಯ್ತು.

ಎರಡನೇ ರಾತ್ರಿ ಮಾತು ಮುಟ್ಟಿತು. ಆದ್ರೆ ಮೊದಲ್ನೇ ದೃಶ್ಯ, ಮಿಲ್ಲಿನ ಒಳಗಿನದು, ಮಗ್ಗಗಳ ಸದ್ದು ಸ್ಟೇಜ್ ಬಾಕ್ಸಲ್ಲೇ ಮಾತಿನ ಜೊತೆ ಬಂದು ಎರಡೂ ಕಲಸಿ ಹೋದ್ವು. ಅಜ್ಜನ್ನ ನಾನೇ ಹುಡುಕ್ಕೊಂಡು ಹೋಗಿ ಕೇಳ್ದೆ. "ಮಗ್ಗದ ಸದ್ದು ಎದುರಿಗಿಂದ ಬರ್ತಿರ್ಲಿಲ್ಲ ತಮ್ಮಾ, ಸುತ್ಲೂ ಇರ್ತಿತ್ತು, ಕಾಲಿನ ಕೆಳಗಿಂದ ಮೈಗೆ ಬರ್ತಿತ್ತು, ನಾವು ತುಟಿ ನೋಡಿ ಮಾತು ತಿಳ್ಕೊತಿದ್ವಿ" ಅಂದ್ರು. ಮೂರನೇ ದಿನ ಮಧ್ಯಾಹ್ನ ಹಿಂದಿನ ಗೋಡೆಯ ಬಾಕ್ಸುಗಳಿಗೆ ಮಾತನ್ನ ಪೂರ್ತಿ ಬಂದ್ ಮಾಡಿ ಮಗ್ಗದ ಸದ್ದಿಗೆ ಬಿಟ್ಟುಕೊಟ್ಟೆ, ಪಕ್ಕದ ಗೋಡೆಗಳಿಗೆ ಇನ್ನೆರಡು ಸೇರಿಸಿ ನಾಲ್ಕು ಕಡೆ ಮಾಡ್ದೆ, ಒಂದೊಂದಕ್ಕೂ ಬೇರೆ ಬೇರೆ ಮಗ್ಗದ ರೆಕಾರ್ಡಿಂಗು, ಬಡಿತ ಒಂದಕ್ಕೊಂದು ಕೂಡದ ಹಂಗೆ. ಕೂಡಿದ್ರೆ ಡೋಲು ಆಗ್ತದೆ, ಮಿಲ್ಲು ಆಗಲ್ಲ. ಕಾಲಿನ ನಡುಕಕ್ಕೆ ಸ್ಟೇಜಿನ ಕೆಳಗೆ ಒಂದು ಬೇಸ್ ಬಾಕ್ಸು, 80 ಹರ್ಟ್ಜ್ ಮೇಲಿಂದ ಕಟ್, ಮಾತಿನ ಜಾಗಕ್ಕೆ ಅದು ಬರೋದೇ ಇಲ್ಲ. ಆಮೇಲೆ ಯಾರಾದ್ರೂ ಮಾತಾಡಿದ ಕೂಡಲೆ ಮಗ್ಗದ ಸದ್ದಿನ 1ರಿಂದ 4 ಕಿಲೋಹರ್ಟ್ಜ್ ಪಟ್ಟಿ ಮಾತ್ರ 6 ಡೆಸಿಬೆಲ್ ಬಗ್ಗೋ ಹಾಗೆ ಕಟ್ಟಿದೆ. ಸದ್ದು ಕಮ್ಮಿ ಆಯ್ತು ಅಂತ ಯಾರಿಗೂ ಅನ್ಸಲ್ಲ, ಮಾತಿಗೆ ಒಂದು ಬಾಗಿಲು ತೆರೆದಂಗೆ.

ಸುತ್ತ ಸದ್ದು ಹಾಕಿದ್ರೆ ಮಾತು ಇನ್ನೂ ಕೆಡ್ತದೆ ಅಂತ ಯಜಮಾನ್ರಿಗೆ ಭಯ ಇತ್ತು. ಆದದ್ದು ಬೇರೆ. ಜಾತ್ರೇಲಿ ಸಾವಿರ ಜನರ ಮಧ್ಯೆ ನಮ್ಮನೆಯೋರ ಧ್ವನಿ ಹಿಡೀತೀವಲ್ಲ, ಎರಡು ಕಿವಿ ಇರೋದಕ್ಕೇ ಅದು ಅಷ್ಟು ಸುಲಭ. ಕಾಲಿನ್ ಚೆರ್ರಿ 1953ರಲ್ಲಿ ಇದರ ಮೇಲೆ ಪ್ರಯೋಗ ಮಾಡಿದ್ರು, ಆಮೇಲೆ ಬಂದೋರು ಬೇಕಾದಷ್ಟು ಅಳೆದಿದಾರೆ: ಮಾತು ಒಂದು ದಿಕ್ಕಿಂದ, ಗದ್ದಲ ಇನ್ನೊಂದು ದಿಕ್ಕಿಂದ ಬಂದ್ರೆ ಮಾತು ಬಿಡಿಸ್ಕೊಳ್ಳೋದು ಸುಲಭ. ಮಗ್ಗದ ಸದ್ದನ್ನ ಜನರ ಬೆನ್ನಿಗೂ ಪಕ್ಕಕ್ಕೂ ಕಳಿಸಿದ್ಮೇಲೆ ಎದುರಿನ ದಿಕ್ಕು ಪೂರ್ತಿ ಮಾತಿಗೆ ಸಿಕ್ತು. ಹಿಂಗೆ ಸುತ್ತಲೂ ಬಾಕ್ಸ್ ಇಡೋದಕ್ಕೆ ಸರೌಂಡ್ ಅಂತಾರೆ, ಇಷ್ಟು ದಿನ ನಾನು ಅದನ್ನ ಅಲಂಕಾರ ಅನ್ಕೊಂಡಿದ್ದೆ.

ಮೂರನೇ ಸಂಜೆ ಗೇಟ್ ತೆಗೆಯೋಕೆ ಮುಂಚೆ ಅದೇ ಹುಡುಗಿ, ಅದೇ ಕುರ್ಚಿ, ಕಲಸಿದ ಅದೇ ನಲವತ್ತು ಪದ. ಮೂವತ್ತಾರು ಸರಿ. ತಪ್ಪಿದ ನಾಲ್ಕರಲ್ಲಿ ಮೂರು ಲ, ಳ ಜೋಡಿ. ನಾಲಿಗೆ ಮಡಚಿ ಹೇಳೋ ಅಕ್ಷರಕ್ಕೆ ಸ್ವರದ ಮೂರನೇ ಅನುರಣನ (ಬಾಯಿಯ ಆಕಾರದಿಂದ ಏಳೋ ಗುಂಯ್‌ಗಳಲ್ಲಿ ಕೆಳಗಿಂದ ಮೂರನೇದು) ಕೆಳಗೆ ಬಾಗ್ತದೆ, ಆ ಸಣ್ಣ ಬಾಗು ದೂರಕ್ಕೆ ಉಳಿಯೋದು ಕಷ್ಟ, ಆದ್ರೆ ಹುಲಿ ಹುಳಿ ಆದ್ರೂ ವಾಕ್ಯದಲ್ಲಿ ಅರ್ಥ ಸಿಗ್ತದೆ ಅಂತ ಬಿಟ್ವಿ. ರಾತ್ರಿ ಕೊನೇ ದೃಶ್ಯಕ್ಕೆ ನಾನು ಮಿಕ್ಸರ್ ಹುಡುಗನ ಕೈಗೆ ಕೊಟ್ಟು ಹಿಂದಿನ ಗೋಡೆಯ ಕಂಬಳಿ ಪಕ್ಕ ಹೋಗಿ ನಿಂತೆ. ಅಮ್ಮ ಎದ್ರು, ಮಗನ ಕಡೆ ನೋಡಿದ್ರು, "ಮಗ್ಗ" ಅಂದ್ರು, ಆ ಒತ್ತಿನ ಹೊತ್ತು ನನಗೆ ಕಿವೀಲಿ ಖಾಲಿಯಾಗಿ ಸಿಕ್ತು, ಆಮೇಲೆ "ಮಾರಲ್ಲ". ಯಾರೂ ಚಪ್ಪಾಳೆ ಹೊಡೀಲಿಲ್ಲ, ಹಾಲ್ ಪೂರಾ ಸುಮ್ನಾಯ್ತು.

ರೆಕಾರ್ಡಿಂಗ್ ಮಾತ್ರ ನನಗೆ ಇನ್ನೂ ಸಮಾಧಾನ ಇಲ್ಲ. ಹಿಂದೆ ಇಟ್ಟಿದ್ದ ಎರಡು ಮೈಕಿನ ರೆಕಾರ್ಡಿಂಗನ್ನ ಗದ್ದಲ ತೆಗೆಯೋ ಒಂದು ಎಐ ಸಾಫ್ಟ್‌ವೇರಿಗೆ ಹಾಕಿದೆ, ಅದು ಮಗ್ಗದ ಸದ್ದನ್ನೆಲ್ಲಾ ಕಸ ಅಂತ ಗುಡಿಸಿ ಹಾಕ್ತು, ಜೊತೆಗೆ ಅಮ್ಮನ ನಿಟ್ಟುಸಿರು, ಪಿಸುಮಾತಿನ "ಹ"ಕಾರ ಎಲ್ಲಾ ಹೋದ್ವು. ಅದನ್ನ ಬಿಟ್ಟು ಈಗ ಒಂದೊಂದು ಮೈಕಿನ ಟ್ರ್ಯಾಕ್ ಬೇರೆ ಬೇರೆ ಇಟ್ಕೊಂಡು, ಹೆಡ್‌ಫೋನಲ್ಲಿ ಕೇಳಿದ್ರೆ ಹಾಲಿನ ಮಧ್ಯೆ ಕೂತಂಗೆ ಆಗೋ ಹಾಗೆ ಕೈಯಿಂದಾನೇ ಜೋಡಿಸ್ತಿದೀನಿ, ಕಾಲು ಗಂಟೆಯಷ್ಟು ಮುಗಿದಿದೆ. ಕಂಬಳಿ ವಾಪಸ್ ಚಳ್ಳಕೆರೆಗೆ ಹೋದ್ವು. ಇಪ್ಪತ್ತು ಜೋಡಿ ಪದದ ಹಾಳೆ ಲ್ಯಾಮಿನೇಷನ್ ಮಾಡಿಸಿ ಮಿಕ್ಸರ್ ಪೆಟ್ಟಿಗೇಲೇ ಇಟ್ಟಿದೀನಿ, ಮುಂದಿನ ತಿಂಗಳು ಹರಿಹರದ ಮಂಟಪದಲ್ಲಿ ಕೇಬಲ್ ಎಳೆಯೋಕೆ ಮುಂಚೆ ಅದನ್ನೇ ಮೊದಲು ಓದಿಸೋದು.